ಮನೆ ಕಟ್ಟಿಸುವಾಗ ಯಾರ ಕೆಲಸ ಯಾರದು? ಗುದ್ದಲಿ ಪೂಜೆಗೆ ಮುಂಚೆ ಬರೆದಿಟ್ಟುಕೊಳ್ಳಿ

ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟ್, ಹಾಕಿದ ಮಾರನೇ ದಿನ ಸ್ಲ್ಯಾಬ್ ಮೇಲೆ ನೀರು ನಿಲ್ಲಿಸಬೇಕಾದವರು ಯಾರು? ಕೆಲಸ ನಡೆಯುತ್ತಿರುವ ಯಾವುದಾದರೂ ಮನೆಗೆ ಹೋಗಿ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ ನೋಡಿ. ಮೇಸ್ತ್ರಿ "ವಾಚ್‌ಮನ್ ಹೊಡೀತಾನೆ ಸಾರ್" ಅನ್ನುತ್ತಾರೆ. ವಾಚ್‌ಮನ್ "ನಂಗ್ಯಾರೂ ಹೇಳಿಲ್ಲ, ಮೋಟರ್ ರೂಮಿನ ಕೀ ಓನರ್ ಹತ್ರ ಇದೆ" ಅನ್ನುತ್ತಾನೆ. ಓನರ್ "ಕಾಂಟ್ರಾಕ್ಟ್ ಕೊಟ್ಟ ಮೇಲೆ ಅದೂ ಅವರದ್ದೇ ಅಲ್ವಾ?" ಅನ್ನುತ್ತಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅಷ್ಟರಲ್ಲಿ ಬಿಸಿಲು ಏರಿ ಸ್ಲ್ಯಾಬ್ ಒಣಗಿರುತ್ತದೆ.

ಮನೆ ಕಟ್ಟುವ ತಂಡ ವಿಚಿತ್ರವಾದದ್ದು. ಹದಿನೈದು ಇಪ್ಪತ್ತು ಜನ ಸೇರಿ ಒಂದೇ ಕೆಲಸ ಮಾಡುತ್ತಾರೆ, ಆದರೆ ಅವರಿಗೆಲ್ಲ ಒಬ್ಬನೇ ಯಜಮಾನ ಇರುವುದಿಲ್ಲ. ಕಂಬಿ ಕಟ್ಟುವ ಬಾರ್ ಬೆಂಡರ್ ಕಾಂಟ್ರಾಕ್ಟರ್ ಕಡೆಯವನು. ಎಲೆಕ್ಟ್ರಿಷಿಯನ್ ಓನರ್ ಹೆಂಡತಿಯ ಅಣ್ಣನಿಗೆ ಪರಿಚಯದವನು. ಸ್ಟ್ರಕ್ಚರಲ್ ಇಂಜಿನಿಯರ್ ಯಾರು ಅಂತ ಮೇಸ್ತ್ರಿಗೆ ಗೊತ್ತೇ ಇರುವುದಿಲ್ಲ. ಇವರಲ್ಲಿ ಬಹುತೇಕರಿಗೆ ತಮ್ಮ ತಮ್ಮ ಕೆಲಸ ಚೆನ್ನಾಗಿ ಬರುತ್ತದೆ. ಕಂಬಿ ಕಟ್ಟುವವನು ಚೆನ್ನಾಗಿಯೇ ಕಟ್ಟುತ್ತಾನೆ, ಪೈಪ್ ಹಾಕುವವನು ಚೆನ್ನಾಗಿಯೇ ಹಾಕುತ್ತಾನೆ. ಕೆಡುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವ ಹೊತ್ತಿನಲ್ಲಿ. ಹಾಗಾಗಿ ಯಾರು ಏನು ಮಾಡಬೇಕು ಅಂತ ಗೊತ್ತು ಮಾಡುವಾಗ ಆ ದಾಟುವ ಜಾಗಗಳ ಮೇಲೆ ಜಾಸ್ತಿ ಕಣ್ಣಿಡಬೇಕು. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ 30-40 ಸೈಟಿನಲ್ಲಿ ಮನೆ ಕಟ್ಟಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇರೆ ಕಡೆಯವರು ತಮ್ಮ ಊರಿನ ಪದ್ಧತಿಗೆ ಹೊಂದಿಸಿಕೊಳ್ಳಬಹುದು.

ಕಾಂಟ್ರಾಕ್ಟ್ ಯಾವ ಥರದ್ದು?

ಮೊದಲು ಇದನ್ನು ಇತ್ಯರ್ಥ ಮಾಡಿ. ಅರ್ಧ ಜವಾಬ್ದಾರಿ ಇಲ್ಲೇ ತೀರ್ಮಾನವಾಗಿಬಿಡುತ್ತದೆ.

ಲೇಬರ್ ಕಾಂಟ್ರಾಕ್ಟ್ ಅಂದರೆ ಚದರಕ್ಕೆ ಇಷ್ಟು ಅಂತ ಕೂಲಿ ಮಾತ್ರ ಮಾತಾಡಿರುತ್ತೀರಿ. ಒಂದು ಚದರ ಅಂದರೆ 100 ಚದರ ಅಡಿ. ಸಿಮೆಂಟು, ಕಂಬಿ, ಜಲ್ಲಿ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಎಲ್ಲಾ ನಿಮ್ಮದು. ಮೆಟೀರಿಯಲ್ ಸೇರಿಸಿ ಕೊಟ್ಟ ಕಾಂಟ್ರಾಕ್ಟ್ ಆದರೆ ಸಾಮಾನೂ ಅವರದ್ದೇ. ಇಷ್ಟು ಎಲ್ಲರಿಗೂ ಗೊತ್ತು. ಜಗಳ ಆಗುವುದು ಸಣ್ಣ ಸಣ್ಣ ಸಾಮಾನಿಗೆ. ಲೇಬರ್ ಕಾಂಟ್ರಾಕ್ಟ್‌ನಲ್ಲಿ ಬೈಂಡಿಂಗ್ ವೈರ್ ಯಾರು ತರಬೇಕು? ಮೊಳೆ? ಕಂಬಿಗೂ ಅಡಿಯ ಶೀಟಿಗೂ ನಡುವೆ ಅಂತರ ಉಳಿಸುವ ಕವರಿಂಗ್ ಬ್ಲಾಕ್? ವೈಬ್ರೇಟರ್ ಬಾಡಿಗೆ? ಲಾರಿಯಿಂದ ಸಿಮೆಂಟ್ ಇಳಿಸುವ ಕೂಲಿ? ಎರಡನೇ ಅಂತಸ್ತಿಗೆ ಇಟ್ಟಿಗೆ ಹೊರುವ ಕೂಲಿ? ಗೋಡೆಗೂ ಕಾಲಮ್‌ಗೂ ಕೂಡುವ ಕಡೆ ಬಡಿಯುವ ಚಿಕನ್ ಮೆಶ್?

ಇವುಗಳ ಬೆಲೆ ದೊಡ್ಡದೇನಲ್ಲ. ಆದರೆ ಕವರಿಂಗ್ ಬ್ಲಾಕ್ ಇಲ್ಲದ ಬೆಳಿಗ್ಗೆ ಕೆಲಸ ನಿಲ್ಲುವುದಿಲ್ಲ, ಒಡೆದ ಟೈಲ್ಸ್ ಚೂರನ್ನೋ ಜಲ್ಲಿಕಲ್ಲನ್ನೋ ಕಂಬಿ ಕೆಳಗೆ ಸಿಕ್ಕಿಸಿ ಮುಂದುವರಿಯುತ್ತಾರೆ. ಅದಕ್ಕೇ ಅವು ಯಾರ ಲೆಕ್ಕ ಅಂತ ಮೊದಲೇ ಬರೆಯಿರಿ. ನನ್ನ ಪ್ರಕಾರ ಇಂಥ ಸಣ್ಣ ಸಾಮಾನೆಲ್ಲ ಮೇಸ್ತ್ರಿಗೆ ಬಿಟ್ಟು, ಅದಕ್ಕೆ ಬೇಕಾದರೆ ಚದರಕ್ಕೆ ಸ್ವಲ್ಪ ಜಾಸ್ತಿ ಮಾತಾಡುವುದೇ ವಾಸಿ. ಓನರ್ ಆಫೀಸಿನಲ್ಲಿ ಕೂತು ಬೈಂಡಿಂಗ್ ವೈರ್‌ಗೆ ಫೋನ್ ಮಾಡುತ್ತಿದ್ದರೆ ಯಾರಿಗೂ ಕೆಲಸ ಸಾಗುವುದಿಲ್ಲ.

ಸೈಟಿಗೆ ಕಾಲಿಡುವ ಎಲ್ಲರ ಹೆಸರು ಬರೆಯಿರಿ

ಒಂದು ಹಾಳೆ ತಗೊಳ್ಳಿ. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಇಂಜಿನಿಯರ್, ಕಾಂಟ್ರಾಕ್ಟರ್, ಸೈಟ್ ನೋಡಿಕೊಳ್ಳುವ ಇಂಜಿನಿಯರ್ ಅಥವಾ ಸೂಪರ್‌ವೈಸರ್, ಗಾರೆ ಮೇಸ್ತ್ರಿ, ಸೆಂಟ್ರಿಂಗ್‌ನವರು (ಕಾಂಕ್ರೀಟ್ ಸುರಿಯಲು ಅಡಿಗೆ ಶೀಟು, ಕಂಬ ಕೊಡುವವರು), ಬಾರ್ ಬೆಂಡರ್, ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಟೈಲ್ಸ್‌ನವರು, ಪೇಂಟರ್, ವಾಚ್‌ಮನ್. ಪ್ರತಿಯೊಬ್ಬರ ಹೆಸರು, ಫೋನ್ ನಂಬರ್, ಅವರನ್ನು ಕರೆತಂದವರು ಯಾರು, ದುಡ್ಡು ಕೊಡುವವರು ಯಾರು. ಈ ಕೊನೆಯದು ಮುಖ್ಯ. ಪ್ಲಂಬರ್‌ಗೆ ನೀವೇ ದುಡ್ಡು ಕೊಡುತ್ತಿದ್ದರೆ, ಅವನು ಬಾರದ ದಿನ ಮೇಸ್ತ್ರಿಯನ್ನು ಕೇಳಿ ಪ್ರಯೋಜನವಿಲ್ಲ.

ಇಲ್ಲಿ ಎರಡು ಗೊಂದಲ ಸಾಮಾನ್ಯ. ಮೊದಲನೆಯದು ಆರ್ಕಿಟೆಕ್ಟ್ ಮತ್ತು ಸ್ಟ್ರಕ್ಚರಲ್ ಇಂಜಿನಿಯರ್ ನಡುವಿನದು. ಕೋಣೆ ಎಲ್ಲಿ, ಕಿಟಕಿ ಎಷ್ಟು ಅನ್ನುವುದು ಆರ್ಕಿಟೆಕ್ಟ್ ಕೆಲಸ. ಕಾಲಮ್ ಗಾತ್ರ, ಬೀಮ್, ಕಂಬಿ ಎಷ್ಟು ಮಿಲಿಮೀಟರಿನದು, ಎಷ್ಟು ಅಂತರಕ್ಕೆ, ಇದೆಲ್ಲ ಸ್ಟ್ರಕ್ಚರಲ್ ಇಂಜಿನಿಯರ್ ಹೇಳಬೇಕಾದದ್ದು. ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವ ಇರಬಹುದು. ಆದರೂ ಕಾಲಮ್ ಒಂದಡಿ ಈಚೆ ಸರಿಸುವ ಮಾತು ಅವರದ್ದಲ್ಲ. ಇನ್ನೊಂದು ವಿಷಯ ಬಹಳ ಜನ ಕೇಳುವುದೇ ಇಲ್ಲ: ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಕೊಟ್ಟ ಫೀಸು ಡ್ರಾಯಿಂಗ್‌ಗೆ ಮಾತ್ರವೋ, ಸೈಟಿಗೆ ಬಂದು ನೋಡುವುದಕ್ಕೂ ಸೇರಿಯೋ? ಬರುವುದಾದರೆ ಎಷ್ಟು ಸಲ, ಯಾವ ಯಾವ ಹಂತಕ್ಕೆ, ಎಷ್ಟು ದಿನ ಮುಂಚೆ ಹೇಳಬೇಕು, ಹೇಳುವವರು ಯಾರು? ಬರೆಸಿಕೊಳ್ಳಿ.

ಎರಡನೆಯದು ಮನೆಯೊಳಗಿನ ಗೊಂದಲ. ಸೈಟಿಗೆ ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋಗುತ್ತಾರೆ. ಮಾವ ಬಂದು ಸಜ್ಜ ಇನ್ನೂ ಅರ್ಧ ಅಡಿ ಬರಲಿ ಅನ್ನುತ್ತಾರೆ. ಭಾವ ಬಂದು ಮೆಟ್ಟಿಲು ಕಡಿದಾಯ್ತು ಅನ್ನುತ್ತಾರೆ. ಸಂಜೆ ಯಜಮಾನರು ಬಂದು "ಯಾರು ಹೇಳಿದ್ದು ಹೀಗೆ?" ಅನ್ನುತ್ತಾರೆ. ಮೇಸ್ತ್ರಿಗೆ ಎಲ್ಲರೂ ಓನರ್ ಕಡೆಯವರೇ, ಯಾರ ಮಾತು ತೆಗೆದುಹಾಕಬೇಕು ಪಾಪ? ಹಾಗಾಗಿ ಮನೆಯವರೆಲ್ಲ ಕೂತು ಒಬ್ಬರನ್ನು ಗೊತ್ತು ಮಾಡಿ. ಸೈಟಿನಲ್ಲಿ ಅವರ ಮಾತು ಮಾತ್ರ ನಡೆಯುತ್ತದೆ ಅಂತ ಮೇಸ್ತ್ರಿ ಎದುರಿಗೇ ಹೇಳಿ. ಹಿರಿಯರಿಗೆ ಬೇಜಾರಾಗದ ಹಾಗೆ ಹೇಳುವ ಜವಾಬ್ದಾರಿಯೂ ಅವರದ್ದೇ! ವಾಸ್ತು ನೋಡುವವರನ್ನು ಕರೆಸುವುದಿದ್ದರೆ ಪ್ಲಾನ್ ಅಂತಿಮವಾಗುವ ಮುಂಚೆ ಕರೆಸಿ. ಕಾಲಮ್ ಎದ್ದ ಮೇಲೆ ಅವರು ಬಂದರೆ ನಂಬಿಕೆ ಇದ್ದವರಿಗೂ ನಷ್ಟ, ಇಲ್ಲದವರಿಗೂ ನಷ್ಟ.

ಅಮೆರಿಕದಲ್ಲೋ ದುಬೈನಲ್ಲೋ ಇದ್ದುಕೊಂಡು ಊರಿನಲ್ಲಿ ಮನೆ ಕಟ್ಟಿಸುವವರಿಗೆ ಇದು ಇನ್ನೂ ಕಷ್ಟ. ಅಪ್ಪ ದಿನಾ ಸೈಟಿಗೆ ಹೋಗುತ್ತಾರೆ, ತೀರ್ಮಾನ ಮಾತ್ರ ಮಗನದ್ದು. ಅಮೆರಿಕದಲ್ಲಿರುವ ಮಗ ಏಳುವಷ್ಟರಲ್ಲಿ ಇಲ್ಲಿ ಸಂಜೆ. ಇಂಥ ಕಡೆ ಒಂದು ಮೊತ್ತ ಗೊತ್ತು ಮಾಡಿ. ಅಷ್ಟರೊಳಗಿನ ಖರ್ಚಿನ ವಿಷಯವನ್ನು ಅಪ್ಪ ಯಾರನ್ನೂ ಕೇಳದೆ ತೀರ್ಮಾನಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ಮಗನಿಗೆ ಮೆಸೇಜು, ಉತ್ತರ ಬರುವವರೆಗೆ ಬೇರೆ ಕೆಲಸ.

ಪ್ರತಿ ಕೆಲಸಕ್ಕೆ ನಾಲ್ಕು ಹೆಸರು

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ರೇಸಿ ಚಾರ್ಟ್ ಗೊತ್ತಿರುತ್ತದೆ. ಒಂದು ಕೆಲಸಕ್ಕೆ ಅದನ್ನು ಮಾಡುವವರು ಯಾರು, ಅದಕ್ಕೆ ಉತ್ತರ ಹೇಳಬೇಕಾದವರು ಯಾರು, ಯಾರನ್ನು ಕೇಳಬೇಕು, ಯಾರಿಗೆ ತಿಳಿಸಬೇಕು ಅಂತ ಕೋಷ್ಟಕದಲ್ಲಿ ಬರೆಯುವ ಪದ್ಧತಿ ಅದು. ಅದರ ಒಳ್ಳೆಯ ನಿಯಮ ಒಂದೇ: ಒಂದು ಕೆಲಸಕ್ಕೆ ಉತ್ತರ ಹೇಳುವವರು ಒಬ್ಬರೇ ಇರಬೇಕು. ಅದನ್ನು ಉಳಿಸಿಕೊಂಡು, ಉಳಿದದ್ದನ್ನು ಸೈಟಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳೋಣ. ಯಾಕಂದರೆ ಮನೆ ಕೆಲಸದಲ್ಲಿ ಸಾಮಾನು ತರುವುದೇ ದೊಡ್ಡ ಭಾಗ, ಅದಕ್ಕೆ ಆ ಚಾರ್ಟ್‌ನಲ್ಲಿ ಜಾಗವೇ ಇಲ್ಲ.

ಹಾಳೆಯಲ್ಲಿ ಎಡಕ್ಕೆ ಕೆಲಸಗಳನ್ನು ಬರೆಯಿರಿ. ಜನರನ್ನು ಎಡಕ್ಕೆ ಬರೆದರೆ ಪ್ರತಿಯೊಬ್ಬರ ಕೆಲಸದ ಪಟ್ಟಿ ಸಿಗುತ್ತದೆ, ಯಾರಿಗೂ ಸೇರದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಕೆಲಸಗಳನ್ನು ಬರೆದರೆ ಖಾಲಿ ಜಾಗ ತಾನಾಗಿಯೇ ಕಾಣುತ್ತದೆ. ಆಮೇಲೆ ಪ್ರತಿ ಕೆಲಸದ ಎದುರು ನಾಲ್ಕು ಹೆಸರು ತುಂಬಿ: ಮಾಡುವವರು, ಸಾಮಾನು ತರುವವರು, ನೋಡಿ ಸರಿ ಎನ್ನುವವರು, ಮುಂಚೆ ಯಾರಿಗೆ ತಿಳಿಸಬೇಕೋ ಅವರು. ಕೆಲಸ ಕೆಟ್ಟರೆ ಉತ್ತರ ಹೇಳಬೇಕಾದ ಹೆಸರಿನ ಕೆಳಗೆ ಒಂದು ಗೆರೆ ಎಳೆಯಿರಿ.

ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಒದ್ದೆಯಾಗಿಡುವ ಕೆಲಸಕ್ಕೆ, ಇದನ್ನು ತುಂಬಿದರೆ ಹೀಗೆ ಬರುತ್ತದೆ:

ಕೆಲಸ: ಸ್ಲ್ಯಾಬ್ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುವುದು
ಮಾಡುವವರು: ಪಾತಿ ಕಟ್ಟುವುದು ಮೇಸ್ತ್ರಿ, ದಿನಾ ಬೆಳಿಗ್ಗೆ ಸಂಜೆ ನೀರು ಬಿಡುವುದು ವಾಚ್‌ಮನ್
ಸಾಮಾನು: ಪೈಪು, ಮೋಟರ್, ಸಂಪಿಗೆ ಟ್ಯಾಂಕರ್ ನೀರು ಓನರ್‌ದು. ಮೋಟರ್ ಕೀ ವಾಚ್‌ಮನ್ ಹತ್ತಿರ ಇರಬೇಕು
ಸರಿ ಎನ್ನುವವರು: ಸೂಪರ್‌ವೈಸರ್. ದಿನಾ ಸಂಜೆ ಒಂದು ಫೋಟೊ
ಎಷ್ಟು ದಿನ: ಇಂಜಿನಿಯರ್ ಹೇಳಿದಷ್ಟು
ಉತ್ತರ ಹೇಳುವವರು: ಮೇಸ್ತ್ರಿ

ದಿನದ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಓಪಿಸಿ (ಬೇರೇನೂ ಬೆರೆಸದ ಸಾಮಾನ್ಯ) ಸಿಮೆಂಟಾದರೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಾದರೆ ಕನಿಷ್ಠ 10 ದಿನ ಕಾಂಕ್ರೀಟ್ ಒದ್ದೆಯಾಗಿರಬೇಕು. ಒಣ ಬಿಸಿಲಿನ ಕಾಲದಲ್ಲಿ ಯಾವ ಸಿಮೆಂಟಾದರೂ 10 ದಿನಕ್ಕಿಂತ ಕಮ್ಮಿ ಮಾಡಬಾರದು. ಮಿಶ್ರ ಸಿಮೆಂಟಿಗೆ ಇದನ್ನು 14 ದಿನಕ್ಕೆ ಏರಿಸುವುದು ಒಳ್ಳೆಯದು ಅಂತಲೂ ಅದರಲ್ಲಿದೆ. ಮನೆ ಕೆಲಸಕ್ಕೆ ಪಿಪಿಸಿ ಬಳಸುವುದು ಸಾಮಾನ್ಯ, ಆದರೂ ಬಾಯಿಮಾತಿನಲ್ಲಿ "ಒಂದು ವಾರ ಸಾಕು" ಅಂತಲೇ ಓಡಾಡುತ್ತಿರುತ್ತದೆ. ಚೀಲದ ಮೇಲೆ ಏನು ಬರೆದಿದೆ ಅಂತ ನೋಡಿ ದಿನ ಗೊತ್ತು ಮಾಡುವುದು ಇಂಜಿನಿಯರ್ ಕೆಲಸ. ಸೋಮವಾರಕ್ಕೋ ಬುಧವಾರಕ್ಕೋ ಮುಗಿಯುತ್ತದೆ ಅಂತ ತಾರೀಕನ್ನೇ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಡಿ.

ಹೆಸರು ತುಂಬುವಾಗ "ಲೇಬರ್", "ನಾವು", "ಎಲ್ರೂ" ಅಂತೆಲ್ಲ ಬರೆಯಬೇಡಿ. ಫೋನ್ ಮಾಡಿದರೆ ಎತ್ತುವ ಒಬ್ಬ ಮನುಷ್ಯನ ಹೆಸರು ಬೇಕು. ಮಾಡಿದವರೇ ಸರಿ ಎನ್ನುವವರೂ ಆಗಬಾರದು. ಕಾಂಟ್ರಾಕ್ಟರೇ ಇಂಜಿನಿಯರ್ ಆಗಿರುವ ಕಡೆ ಇದು ತೊಡಕು. ಆಗ ಫೌಂಡೇಶನ್, ಪ್ರತಿ ಸ್ಲ್ಯಾಬ್ ಮತ್ತು ವಾಟರ್‌ಪ್ರೂಫಿಂಗ್ ಹಂತಕ್ಕಾದರೂ ಹೊರಗಿನ ಒಬ್ಬ ಇಂಜಿನಿಯರ್‌ಗೆ ದುಡ್ಡು ಕೊಟ್ಟು ನೋಡಿಸಿ.

ಮೋಲ್ಡ್ ಹಾಕುವ ದಿನ

ಇಡೀ ಮನೆಯ ಕೆಲಸದಲ್ಲಿ ಅತಿ ಹೆಚ್ಚು ಕೈ ಬದಲಾಗುವುದು ಇಲ್ಲಿ. ಸೆಂಟ್ರಿಂಗ್‌ನವರು ಶೀಟ್ ಹೊಂದಿಸುತ್ತಾರೆ. ಬಾರ್ ಬೆಂಡರ್ ಕಂಬಿ ಕಟ್ಟುತ್ತಾನೆ. ಎಲೆಕ್ಟ್ರಿಷಿಯನ್ ಪೈಪು ಎಳೆದು ಫ್ಯಾನ್ ಬಾಕ್ಸ್ ಕೂರಿಸುತ್ತಾನೆ. ಪ್ಲಂಬರ್ ಪೈಪ್ ಹೋಗುವ ಕಡೆ ತೂತಿಗೆ ಜಾಗ ಬಿಡುತ್ತಾನೆ. ಕಾಂಕ್ರೀಟ್ ತಂಡ ಬರುತ್ತದೆ, ಆಮೇಲೆ ನೀರು ಹೊಡೆಯುವವರು, ಕೊನೆಗೆ ಶೀಟ್ ಬಿಚ್ಚುವವರು.

ಮೊದಲ ತಕರಾರು ಎಲೆಕ್ಟ್ರಿಷಿಯನ್ ಬಂದಾಗಲೇ ಶುರು. ಅವನು ಕಟ್ಟಿದ ಕಂಬಿಯ ಮೇಲೆ ನಿಂತು ಪೈಪು ಎಳೆಯುತ್ತಾನೆ. ಮೇಲಿನ ಕಂಬಿ ತುಳಿತಕ್ಕೆ ಕೆಳಗಿಳಿಯುತ್ತದೆ. ಬಾಲ್ಕನಿಯಲ್ಲಿ ಹೀಗಾದರೆ ಅಪಾಯ, ಯಾಕಂದರೆ ಹೊರಚಾಚಿದ ಸ್ಲ್ಯಾಬ್‌ನ ಭಾರ ಹೊರುವುದೇ ಆ ಮೇಲಿನ ಕಂಬಿ. ಬಾರ್ ಬೆಂಡರ್ ಹಿಂದಿನ ದಿನವೇ ಕೆಲಸ ಮುಗಿಸಿ ಬೇರೆ ಸೈಟಿಗೆ ಹೋಗಿರುತ್ತಾನೆ. ಹಾಗಾದರೆ ಮತ್ತೆ ಎತ್ತಿ ಕಟ್ಟುವವರು ಯಾರು? ಹಾಳೆಯಲ್ಲಿ ಇದಕ್ಕೇ ಒಂದು ಸಾಲು ಬೇಕು: ಎಲೆಕ್ಟ್ರಿಷಿಯನ್ ಮುಗಿಸಿದ ಮೇಲೆ ಬಾರ್ ಬೆಂಡರ್ ಕಡೆಯ ಒಬ್ಬ ಬಂದು ಕಂಬಿ ಸರಿಪಡಿಸಬೇಕು, ಕಾಂಕ್ರೀಟ್ ಮುಗಿಯುವವರೆಗೂ ಅಲ್ಲೇ ಇರಬೇಕು. ಕೂಲಿ ಮಾತಾಡುವಾಗಲೇ ಈ ಅರ್ಧ ದಿನವನ್ನೂ ಸೇರಿಸಿ.

ಆಮೇಲೆ ತಪಾಸಣೆ. ಕಂಬಿಯ ಗಾತ್ರ ಮತ್ತು ಅಂತರ ಡ್ರಾಯಿಂಗ್ ಪ್ರಕಾರ ಇದೆಯಾ, ಕವರಿಂಗ್ ಬ್ಲಾಕ್ ಕೂತಿದೆಯಾ, ಫ್ಯಾನ್ ಬಾಕ್ಸ್ ಕೋಣೆಯ ನಡುವೆ ಇದೆಯಾ, ಸೆಂಟ್ರಿಂಗ್ ಕಂಬಗಳು ಗಟ್ಟಿ ನೆಲದ ಮೇಲೆ ನಿಂತಿವೆಯಾ. ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟ್ ದಪ್ಪ, ಎಷ್ಟಿರಬೇಕು ಅಂತ ಡ್ರಾಯಿಂಗ್‌ನಲ್ಲಿ ಬರೆದಿರುತ್ತದೆ. ನಮ್ಮ ಒಳನಾಡಿನ ಸಾಮಾನ್ಯ ಮನೆಗೆ ಸ್ಲ್ಯಾಬ್‌ಗೆ 20, ಕಾಲಮ್‌ಗೆ 40, ಫೂಟಿಂಗ್‌ಗೆ 50 ಮಿಲಿಮೀಟರ್ ಇರುತ್ತದೆ. ಇದನ್ನೆಲ್ಲ ನೋಡುವವರು ಕಾಂಕ್ರೀಟ್ ದಿನ ಬೆಳಿಗ್ಗೆ ಬಂದರೆ ಉಪಯೋಗವಿಲ್ಲ. ಅಷ್ಟು ಹೊತ್ತಿಗೆ ಲಾರಿ ಹೊರಟಿರುತ್ತದೆ, ಯಾರಿಗೂ ತಪ್ಪು ಎತ್ತಿ ತೋರಿಸುವ ಮನಸ್ಸಿರುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ನೋಡಬೇಕು, ತಪ್ಪಿದ್ದರೆ ತಿದ್ದಲು ಹೊತ್ತಿರಬೇಕು.

ಇಲ್ಲಿ ಇನ್ನೊಂದು ಹೆಸರು ಬರೆಯಿರಿ: ಕೆಲಸ ನಿಲ್ಲಿಸುವವರು. "ಇವತ್ತು ಕಾಂಕ್ರೀಟ್ ಬೇಡ" ಅಂತ ಹೇಳುವ ಅಧಿಕಾರ ಯಾರಿಗಿದೆ? ಇದು ಇಂಜಿನಿಯರ್ ಅಥವಾ ಅವರು ಕಳಿಸಿದ ಸೂಪರ್‌ವೈಸರ್ ಆಗಿರಲಿ. ಅವರು ಬೇಡ ಅಂದರೆ ಓನರ್ ಕೂಡ ಒಪ್ಪಬೇಕು, ಅಡುಗೆಯವರಿಗೆ ಹೇಳಿದ್ದರೂ, ಪೂಜೆಗೆ ಮುಹೂರ್ತ ನೋಡಿದ್ದರೂ. ಈ ಅಧಿಕಾರ ಯಾರಿಗೂ ಕೊಡದಿದ್ದರೆ ಸೂಪರ್‌ವೈಸರ್ ಇದ್ದೂ ಇಲ್ಲದ ಹಾಗೆ.

ಪ್ಲಾಂಟಿನಲ್ಲೇ ಕಲಸಿದ ರೆಡಿ ಮಿಕ್ಸ್ ಕಾಂಕ್ರೀಟ್ ತರಿಸಿದರೆ ಲಾರಿಯ ಚಲನ್ ನೋಡುವವರು ಬೇರೆ ಬೇಕು. ಪ್ಲಾಂಟಿನಲ್ಲಿ ತುಂಬಿದ ಹೊತ್ತು ಅದರಲ್ಲಿ ಇರುತ್ತದೆ. ತುಂಬಿದ 2 ಗಂಟೆಯೊಳಗೆ ಕಾಂಕ್ರೀಟ್ ಇಳಿಸಬೇಕು ಅನ್ನುವುದು ಸಾಮಾನ್ಯ ನಿಯಮ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಈ ಲೆಕ್ಕ ಸುಮ್ನೆ ಅಲ್ಲ. ತಡವಾಗಿ ಬಂದ ಲಾರಿಗೆ ಡ್ರೈವರ್ ನೀರು ಸೇರಿಸುವುದನ್ನು ತಡೆಯುವವರೂ ಇವರೇ. ಪರೀಕ್ಷೆಗೆ ಕ್ಯೂಬ್ (ಕಾಂಕ್ರೀಟ್ ಮಾದರಿಯ ಅಚ್ಚು) ತುಂಬಿಸುವುದು, 28 ದಿನ ಆದ ಮೇಲೆ ಲ್ಯಾಬಿನಿಂದ ರಿಪೋರ್ಟ್ ತರುವುದು ಯಾರು ಅಂತಲೂ ಬರೆಯಿರಿ. ಕ್ಯೂಬ್ ತುಂಬಿಸುವ ಹುಮ್ಮಸ್ಸು ಎಲ್ಲರಿಗೂ ಇರುತ್ತದೆ. ರಿಪೋರ್ಟ್ ಕೇಳಿದರೆ ಮುಖ ಮುಖ ನೋಡುತ್ತಾರೆ.

ಶೀಟ್ ಬಿಚ್ಚುವುದರಲ್ಲಿ ಇನ್ನೊಂದು ಹಗ್ಗಜಗ್ಗಾಟ ಇದೆ. ಸೆಂಟ್ರಿಂಗ್‌ನವರಿಗೆ ಶೀಟು, ಕಂಬ ಬೇರೆ ಸೈಟಿಗೆ ಬೇಕು. ಎಷ್ಟು ಬೇಗ ಬಿಚ್ಚಿದರೆ ಅಷ್ಟು ಲಾಭ. ಆದ್ದರಿಂದ ಬಿಚ್ಚುವ ತಾರೀಕು ಅವರ ಕೈಯಲ್ಲಿರಬಾರದು. ಐಎಸ್ 456ರಲ್ಲಿ 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ ಕೆಳಗಿನ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಉದ್ದದ್ದಕ್ಕೆ 14 ದಿನ ಬಿಡಬೇಕು ಅಂತಿದೆ. ಬೀಮ್ 6 ಮೀಟರ್‌ವರೆಗೆ 14 ದಿನ, ಅದಕ್ಕೂ ಮೀರಿದರೆ 21 ದಿನ. ಇದು ಓಪಿಸಿ ಲೆಕ್ಕ. ಬೇರೆ ಸಿಮೆಂಟಿಗೂ ಚಳಿಗಾಲಕ್ಕೂ ಇಂಜಿನಿಯರ್ ದಿನ ಹೆಚ್ಚಿಸಬಹುದು. "ಇಂಜಿನಿಯರ್ ಮೆಸೇಜ್ ಬಂದ ಮೇಲೆ ಬಿಚ್ಚುವುದು, ಅದಕ್ಕೆ ಮುಂಚೆ ಒಂದು ಕಂಬವೂ ಇಲ್ಲ" ಅಂತ ಕಾಂಟ್ರಾಕ್ಟ್‌ನಲ್ಲೇ ಬರೆದರೆ ಎಲ್ಲರಿಗೂ ನೆಮ್ಮದಿ. ಬಾಲ್ಕನಿಯ ಕೆಳಗಿನ ಕಂಬವನ್ನಂತೂ ಇಂಜಿನಿಯರ್ ಅವರನ್ನು ಕೇಳದೆ ಮುಟ್ಟಬಾರದು.

ಬಾತ್‌ರೂಮ್ ಸೋರಿದರೆ ಯಾರನ್ನು ಹಿಡಿಯುವುದು?

ಸೋರಿಕೆ ಕಾಣುವುದು ಗೃಹಪ್ರವೇಶ ಆಗಿ ಒಂದು ಮಳೆಗಾಲ ಕಳೆದ ಮೇಲೆ. ಆಗ ಪ್ಲಂಬರ್ ವಾಟರ್‌ಪ್ರೂಫಿಂಗ್‌ನವರ ಕಡೆ ಕೈ ತೋರಿಸುತ್ತಾನೆ. ಅವರು ಟೈಲ್ಸ್‌ನವರ ಕಡೆ, ಟೈಲ್ಸ್‌ನವರು ಗಾರೆಯವರ ಕಡೆ. ನಿಜ ಏನೆಂದು ತಿಳಿಯಬೇಕಾದರೆ ನೆಲ ಒಡೆಯಬೇಕು.

ಇದನ್ನು ತಪ್ಪಿಸಲು ಒಂದು ಪದ್ಧತಿ ಇದೆ. ಮುಂದಿನವರು ಹಿಂದಿನವರ ಕೆಲಸ ನೋಡಿ ಒಪ್ಪಿಕೊಂಡ ಮೇಲೆಯೇ ತಮ್ಮ ಕೆಲಸ ಶುರು ಮಾಡಬೇಕು. ಒಪ್ಪಿಕೊಂಡ ಮೇಲೆ "ಅವರು ಹಾಳು ಮಾಡಿದ್ದರು" ಅನ್ನುವ ಮಾತು ನಡೆಯುವುದಿಲ್ಲ.

ಪೈಪು ಹಾಯಲು ತಗ್ಗಿಸಿದ ಸ್ಲ್ಯಾಬ್ ಇರುವ ಬಾತ್‌ರೂಮ್‌ನಲ್ಲಿ ಹೀಗೆ ಸಾಗಲಿ. ಗಾರೆಯವರು ಸ್ಲ್ಯಾಬ್ ಚೊಕ್ಕ ಮಾಡಿ, ಮೂಲೆಗಳನ್ನು ಗುಂಡಗೆ ಮಾಡಿ ಕೊಡುತ್ತಾರೆ. ಪ್ಲಂಬರ್ ಪೈಪ್ ಹೊರಹೋಗುವ ತೂತುಗಳನ್ನೆಲ್ಲ ಈಗಲೇ ಮಾಡಿ ಮುಗಿಸುತ್ತಾನೆ. ಆಮೇಲೆ ಕೊರೆಯುವಂತಿಲ್ಲ. ವಾಟರ್‌ಪ್ರೂಫಿಂಗ್‌ನವರು ನೋಡಿ ಒಪ್ಪಿ ಕೋಟಿಂಗ್ ಹಾಕುತ್ತಾರೆ. ಅದು ಒಣಗಿದ ಮೇಲೆ ನೀರು ತುಂಬಿಸಿ 24ರಿಂದ 48 ಗಂಟೆ ಬಿಡಬೇಕು. ನೀರಿನ ಮಟ್ಟ ಗುರುತು ಹಾಕಿ, ಕೆಳಗಿನ ಚಾವಣಿ ಫೋಟೊ ತೆಗೆಯುವವರು ಸೂಪರ್‌ವೈಸರ್. ಆಮೇಲೆ ಪ್ಲಂಬರ್ ಪೈಪು ಹಾಕಿ, ನೀರಿನ ಲೈನಿಗೆ ಪ್ರೆಶರ್ ಟೆಸ್ಟ್ ಮಾಡಿ ತೋರಿಸುತ್ತಾನೆ. ಆಮೇಲೆ ತಗ್ಗು ತುಂಬುವ ಕೆಲಸ, ಮೇಲಿನ ಕೋಟಿಂಗ್, ಇನ್ನೊಂದು ಸಲ ನೀರು ನಿಲ್ಲಿಸಿ ನೋಡುವುದು. ಕೊನೆಗೆ ಟೈಲ್ಸ್‌ನವರು ಇಳಿಜಾರು ನೋಡಿ ಒಪ್ಪಿ ಶುರು ಮಾಡುತ್ತಾರೆ.

ಕೋಟಿಂಗ್ ಆದ ಮೇಲೆ ಯಾರಾದರೂ ಗೋಡೆ ಕೊರೆದರೆ, ಮತ್ತೆ ಕೋಟಿಂಗ್ ಹಾಕಿಸುವ ಖರ್ಚು ಕೊರೆದವರದ್ದು. ಗೀಸರ್ ಪಾಯಿಂಟ್ ಆಚೀಚೆ ಮಾಡಿ ಅಂತ ಓನರೇ ಹೇಳಿದ್ದರೆ ಓನರ್‌ದು. ಇದನ್ನು ಮೊದಲೇ ಓದಿ ಹೇಳಿದರೆ ಕೊರೆಯುವ ಮುಂಚೆ ಜನ ಎರಡು ಸಲ ಯೋಚಿಸುತ್ತಾರೆ. ಓನರೂ ಸೇರಿ.

ಇದೇ ಪದ್ಧತಿಯನ್ನು ಬೇರೆ ಕಡೆಗೂ ಹಾಕಿಕೊಳ್ಳಬಹುದು. ಎಲೆಕ್ಟ್ರಿಷಿಯನ್ ಗೋಡೆ ಕೊರೆದ ಜಾಗ ಮುಚ್ಚುವುದು ಗಾರೆಯವರ ಕೂಲಿಯಲ್ಲಿ ಸೇರಿದೆಯಾ? ಬಾಗಿಲ ಚೌಕಟ್ಟು ನಿಲ್ಲಿಸುವಾಗ ಬಡಗಿ ಇರಬೇಕಾ, ಗಾರೆಯವರೇ ನಿಲ್ಲಿಸುತ್ತಾರಾ? ನೆಲದ ಮಟ್ಟದ ಗುರುತನ್ನು ಮನೆ ತುಂಬಾ ಒಬ್ಬರೇ ಹಾಕಬೇಕು. ಬಡಗಿ ಒಂದು, ಟೈಲ್ಸ್‌ನವರು ಒಂದು ಅಂತ ಹಾಕಿಕೊಂಡರೆ ಬಾಗಿಲು ನೆಲಕ್ಕೆ ಉಜ್ಜುತ್ತದೆ.

ಯಾರ ಪಟ್ಟಿಗೂ ಬಾರದ ಕೆಲಸಗಳು

ಸಾಮಾನು ಎಣಿಸಿ ಇಳಿಸಿಕೊಳ್ಳುವುದು ಇದರಲ್ಲಿ ಮೊದಲನೆಯದು. ಕಂಬಿ ಬಂದಾಗ ತೂಕದ ಚೀಟಿಯ ಜೊತೆ ಕಡ್ಡಿ ಎಣಿಸಿ ತಾಳೆ ನೋಡಬಹುದು. ಕಂಬಿಯ ಗಾತ್ರವನ್ನು ಮಿಲಿಮೀಟರಿನಲ್ಲಿ ತಗೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಮಿಲಿಮೀಟರ್ ಕಂಬಿ ಮೀಟರಿಗೆ ಸುಮಾರು 0.89 ಕೆಜಿ, ಹಾಗಾಗಿ 12 ಮೀಟರ್ ಉದ್ದದ ಒಂದು ಕಡ್ಡಿ 10.7 ಕೆಜಿಯ ಆಸುಪಾಸು. ಎಲ್ಲ ಕಡ್ಡಿಗೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ದೊಡ್ಡ ಕೊರತೆ ಇದ್ದರೆ ಇಲ್ಲೇ ಗೊತ್ತಾಗುತ್ತದೆ. ಸಿಮೆಂಟ್ ಚೀಲದ ಮೇಲಿನ ತಯಾರಿಕೆಯ ವಾರ ನೋಡುವುದೂ ಇದೇ ಮನುಷ್ಯನ ಕೆಲಸ. ಮೂರು ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬಾರದು.

ಕರೆಂಟ್ ವಿಷಯ ಇನ್ನೊಂದು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಯಾವುದೇ ಇರಲಿ, ಖಾಯಂ ಕನೆಕ್ಷನ್‌ಗೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕಾಗದಕ್ಕೆ ಸಹಿ ಹಾಕಬೇಕು. ವೈರಿಂಗ್ ಮಾಡುವ ಹುಡುಗನ ಹತ್ತಿರ ಲೈಸೆನ್ಸ್ ಇಲ್ಲದಿರಬಹುದು. ಸಹಿ ಯಾರು ಹಾಕುತ್ತಾರೆ, ಅವರು ಕೆಲಸ ನೋಡಿಯೇ ಹಾಕುತ್ತಾರಾ, ಅರ್ಜಿ ಹಿಡಿದು ಓಡಾಡುವವರು ಯಾರು ಅಂತ ವೈರಿಂಗ್ ಕೂಲಿ ಮಾತಾಡುವ ದಿನವೇ ಕೇಳಿ.

ಕೆಲಸಗಾರರಿಗೆ ಪೆಟ್ಟಾದರೆ ಏನು ಅನ್ನುವುದನ್ನು ಮಾತಾಡಲು ಎಲ್ಲರಿಗೂ ಮುಜುಗರ, ಅಪಶಕುನ ಅನ್ನುವ ಭಯ ಬೇರೆ. ಆದರೂ ಮಾತಾಡಿ. ವಿಮೆ ಪಾಲಿಸಿ ಮಾಡಿಸುವವರು ಯಾರು, ಹೆಲ್ಮೆಟ್ ಮತ್ತು ಹಗ್ಗ ತರುವವರು ಯಾರು, ತೆರೆದ ಸಂಪಿಗೆ ಮುಚ್ಚಳ ಹಾಕಿಸುವವರು ಯಾರು. ವಾಚ್‌ಮನ್ ಸಂಸಾರ ಸೈಟಿನಲ್ಲೇ ಇರುತ್ತದೆ, ಚಿಕ್ಕ ಮಕ್ಕಳು ಓಡಾಡುತ್ತಿರುತ್ತವೆ. ಪಾಲಿಸಿ ಕಾಂಟ್ರಾಕ್ಟರ್ ಮಾಡಿಸುತ್ತಾರೆ ಅಂದರೆ ಅದರ ಒಂದು ಪ್ರತಿ ತಗೊಂಡ ಮೇಲೆ ಕೆಲಸ ಶುರು ಮಾಡಿಸಿ.

ರಸ್ತೆಯ ಮೇಲಿನ ಜಲ್ಲಿ ಗುಡಿಸುವುದು, ಪಕ್ಕದ ಮನೆಯವರ ಜೊತೆ ಮಾತಾಡುವುದು, ಡೆಬ್ರಿಸ್ ಸಾಗಿಸುವುದು. ಒಂದೊಂದು ಹೆಸರು ಬರೆದರೆ ಸಾಕು.

ಬದಲಾವಣೆ ಮತ್ತು ದುಡ್ಡು

ಮನೆ ಕಟ್ಟುವಾಗ ಮನಸ್ಸು ಬದಲಾಗುವುದು ಸಹಜ. ತೊಂದರೆ ಆಗುವುದು ಅದು ಬಾಯಿಮಾತಿನಲ್ಲಿ ನಡೆದಾಗ. ಒಂದು ವಾಟ್ಸಾಪ್ ಗ್ರೂಪ್ ಮಾಡಿ. ಬದಲಾವಣೆ ಕೇಳುವುದು ಮನೆಯ ಆ ಒಬ್ಬರೇ. ಕಾಲಮ್, ಬೀಮ್, ಸ್ಲ್ಯಾಬ್ ಮುಟ್ಟುವ ಮಾತಾದರೆ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಬೇಕು. ಮಂಜೂರಾದ ಪ್ಲಾನಿಗೆ ವಿರುದ್ಧವಾಗುತ್ತದೆಯಾ ಅಂತ ಆರ್ಕಿಟೆಕ್ಟ್ ಹೇಳಬೇಕು. ಕಾಂಟ್ರಾಕ್ಟರ್ ಎಷ್ಟು ಜಾಸ್ತಿ ಖರ್ಚು, ಎಷ್ಟು ದಿನ ತಡ ಅಂತ ಬರೆಯಬೇಕು. ಓನರ್ "ಸರಿ" ಅಂತ ಬರೆದ ಮೇಲೆ ಕೆಲಸ. ಗ್ರೂಪಿನಲ್ಲಿ ಇಲ್ಲದ ಬದಲಾವಣೆಗೆ ಎಕ್ಸ್‌ಟ್ರಾ ಬಿಲ್ ಇಲ್ಲ ಅಂತ ಮೊದಲೇ ಒಪ್ಪಿಕೊಂಡರೆ ಕೊನೆಯ ಲೆಕ್ಕದ ದಿನ ಗಂಟಲು ಒಣಗುವುದಿಲ್ಲ.

ಹಂತ ಹಂತವಾಗಿ ದುಡ್ಡು ಕೊಡುವಾಗ "ಸ್ಲ್ಯಾಬ್ ಆದ ಮೇಲೆ ಇಷ್ಟು" ಅಂತ ಬರೆಯುವುದು ವಾಡಿಕೆ. ಆದ ಮೇಲೆ ಅಂದರೆ ಯಾವಾಗ? ಕಾಂಕ್ರೀಟ್ ಸುರಿದ ಸಂಜೆಯಾ, ಕ್ಯೂರಿಂಗ್ ಮುಗಿದ ಮೇಲಾ? ನಾನಾಗಿದ್ದರೆ ಆ ಕಂತನ್ನು ಎರಡು ಮಾಡುತ್ತೇನೆ. ದೊಡ್ಡ ಭಾಗ ಕಾಂಕ್ರೀಟ್ ಆದ ಕೂಡಲೇ, ಯಾಕಂದರೆ ಮೇಸ್ತ್ರಿ ಶನಿವಾರ ಕೂಲಿ ಬಟವಾಡೆ ಮಾಡಲೇಬೇಕು. ಸಣ್ಣ ಭಾಗ ಕ್ಯೂರಿಂಗ್ ಮುಗಿದು ಸೂಪರ್‌ವೈಸರ್ ಸರಿ ಅಂದ ಮೇಲೆ. ಇನ್ನೊಂದು ಮಾತು: ಕಾಂಟ್ರಾಕ್ಟರ್ ಕಡೆಯ ಕೆಲಸಗಾರರಿಗೆ ನೇರವಾಗಿ ಅಡ್ವಾನ್ಸ್ ಕೊಡಬೇಡಿ. ಕೊಟ್ಟ ದಿನದಿಂದ ಅವರು ಯಾರ ಮಾತು ಕೇಳಬೇಕು ಅನ್ನುವುದೇ ಕಲಸಿಹೋಗುತ್ತದೆ. ಹಬ್ಬಕ್ಕೆ ಬಟ್ಟೆ, ಮೋಲ್ಡ್ ದಿನ ಊಟ, ಅದು ಬೇರೆ ವಿಷಯ.

ಎಲ್ಲರನ್ನೂ ಕೂರಿಸಿ ಓದಿ ಹೇಳಿ

ಹಾಳೆ ತಯಾರಾದ ಮೇಲೆ ಗ್ರೂಪಿಗೆ ಹಾಕಿ ಸುಮ್ಮನಾಗಬೇಡಿ. ಮೇಸ್ತ್ರಿ ತಮಿಳುನಾಡಿನವರಿರಬಹುದು, ಸೆಂಟ್ರಿಂಗ್‌ನವರು ರಾಯಚೂರಿನವರು, ಟೈಲ್ಸ್‌ನವರು ರಾಜಸ್ಥಾನದವರು. ಎಲ್ಲರೂ ಕನ್ನಡ ಓದುವುದಿಲ್ಲ, ಕೆಲವರು ಯಾವ ಭಾಷೆಯನ್ನೂ ಓದುವುದಿಲ್ಲ. ಮುಖ್ಯವಾದವರನ್ನು ಸೈಟಿಗೇ ಕರೆಸಿ, ಟೀ ತರಿಸಿ, ಒಂದೊಂದು ಸಾಲೂ ಓದಿ ಹೇಳಿ. ಓದಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು "ಮೇಸ್ತ್ರಿ, ಎಲೆಕ್ಟ್ರಿಷಿಯನ್ ಬಾರದೆ ಇದ್ರೆ ಏನ್ ಮಾಡ್ತೀರಿ?" ಅಂತ ಕೇಳಿ. ಅವರು ಹೇಳುವ ಉತ್ತರದಲ್ಲೇ ಹಾಳೆಯ ತೂತುಗಳು ಕಾಣುತ್ತವೆ. ಅಲ್ಲೇ ತಿದ್ದಿ. ಯಾರಾದರೂ "ಇದು ನನ್ನ ಕೆಲಸ ಅಲ್ಲ" ಅಂದರೆ ಸಿಟ್ಟಾಗಬೇಡಿ. ಈಗ ಹೇಳಿದ್ದೇ ಪುಣ್ಯ. ಆ ಕೆಲಸಕ್ಕೆ ಕೂಲಿ ಸೇರಿಸಿ, ಇಲ್ಲವೇ ಬೇರೆ ಹೆಸರು ಬರೆಯಿರಿ.

ಪ್ರತಿ ಹಂತ ಶುರುವಾಗುವ ಮುಂಚೆ ಆ ಹಂತದ ಸಾಲುಗಳನ್ನು ಮಾತ್ರ ಮತ್ತೊಮ್ಮೆ ನೋಡಿದರೆ ಸಾಕು. ಫೌಂಡೇಶನ್ ಸಮಯದಲ್ಲಿ ಪೇಂಟರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ನಡುವೆ ಯಾರಾದರೂ ಬಿಟ್ಟು ಹೋದರೆ

ಬಿಟ್ಟು ಹೋಗುವವರು ಇದ್ದೇ ಇರುತ್ತಾರೆ. ಹಬ್ಬಕ್ಕೆ ಊರಿಗೆ ಹೋದ ತಂಡ ತಿಂಗಳಾದರೂ ಬರದಿರಬಹುದು. ಹೊಸಬರನ್ನು ಕರೆತರುವ ಮುಂಚೆ ಹಳಬರು ಎಲ್ಲಿವರೆಗೆ ಮಾಡಿದ್ದಾರೆ ಅಂತ ಅಳತೆ ತೆಗೆದು, ಫೋಟೊ ಹಿಡಿದು, ಇಬ್ಬರಿಗೂ ತೋರಿಸಿ. ಹಳಬರ ಲೆಕ್ಕ ಅಲ್ಲಿಗೆ ಚುಕ್ತಾ ಮಾಡಿ. ಹೊಸಬರು ಹಳೆಯ ಕೆಲಸ ನೋಡಿ "ಇದು ಇದು ಸರಿ ಇಲ್ಲ" ಅಂತ ಹೇಳುವುದಿದ್ದರೆ ಶುರು ಮಾಡುವ ಮುಂಚೆ ಹೇಳಲಿ. ಅವರ ಹೆಸರನ್ನು ಹಾಳೆಯಲ್ಲಿ ಹಳೆಯ ಹೆಸರಿರುವ ಪ್ರತಿ ಕಡೆಯೂ ತಿದ್ದಿ. ಪ್ಲಂಬರ್ ಬದಲಾದರೆ ಬಾತ್‌ರೂಮ್ ಸಾಲಷ್ಟೇ ಅಲ್ಲ, ಸ್ಲ್ಯಾಬ್, ಸಂಪು, ಮೇಲಿನ ಟ್ಯಾಂಕ್, ಸೋಲಾರ್ ಹೀಗೆ ನಾಲ್ಕಾರು ಕಡೆ ಅವನ ಹೆಸರಿರುತ್ತದೆ.

ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆಯುವವರ ಹೆಸರೂ ಹಾಳೆಯಲ್ಲಿರಲಿ. ಪಕ್ಕಕ್ಕೆ ಅಳತೆ ಟೇಪ್ ಹಿಡಿದು ತೆಗೆಯಬೇಕು, ವೈರು ಪೈಪು ಎಲ್ಲಿ ಹೋಗಿದೆ ಅಂತ ಕಾಣಬೇಕು. ಫೋಟೊಗಳು ತೆಗೆದವರ ಫೋನಿನಲ್ಲೇ ಉಳಿಯಬಾರದು. ಅವು ಓನರ್ ಕೈಗೆ ಬಂದ ಮೇಲೆ ಪ್ಲಾಸ್ಟರಿಂಗ್ ಶುರು ಮಾಡಿಸಿ.